ಆಚಾರ್ರ ಕಣ್ಣಿಗೆ ಐದು ಸಾಕ್ಷಿ

ಆ ಒರೆಗಲ್ಲು ಈಗ ಬೇವಿನ ಮರದ ಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕದಲ್ಲಿದೆ. ಕಣ್ಣು ಮಂಜಾದವರು ಮಂಗಳವಾರ ಬಂದು, ಅದಕ್ಕೆ ಕುಂಕುಮವಿಟ್ಟು, ಮುಟ್ಟಿದ ಬೆರಳನ್ನು ರೆಪ್ಪೆಗೆ ಒತ್ತಿಕೊಂಡು ಹೋಗುತ್ತಾರೆ. ಕೇಳಿದರೆ ಹೇಳುತ್ತಾರೆ: ಎರಡೂ ಕಣ್ಣು ಹೋದ ಅಕ್ಕಸಾಲಿಯೊಬ್ಬರು ಇಲ್ಲಿದ್ದರು, ಎಂಟು ವರ್ಷ ಹಾಗೆಯೇ ತಾಳಿ, ಓಲೆ, ಮೂಗುಬೊಟ್ಟುಗಳನ್ನು ಮಾಡಿದರು, ಅಮ್ಮನವರು ಅವರ ಬೆರಳ ತುದಿಯಲ್ಲಿ ಕುಳಿತು ಮಾಡಿಸಿದರು. ಹೇಳುವವರ ಮುಖದಲ್ಲಿ ಸಂಶಯದ ಎಳೆಯೂ ಇರುವುದಿಲ್ಲ.

ಈ ಕಥೆಯ ಮೊದಲ ಎರಡು ಮಾತುಗಳು ನಿಜ. ಅವರ ಕಣ್ಣು ಹೋಗಿದ್ದುದು ನಿಜ. ಆ ಎಂಟು ವರ್ಷಗಳಲ್ಲಿ ಅವರ ಮನೆಯಿಂದ ಒಡವೆಗಳು ಹೊರಬಂದದ್ದೂ ನಿಜ. ಇವೆರಡನ್ನು ಬೆಸೆಯಲು ಊರು ಅಮ್ಮನವರನ್ನು ಕರೆತಂದಿತು. ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲವೆಂದು ನಾನು ಬಲ್ಲೆ. ಬಲ್ಲೆನಾದರೂ, ಹೇಳಬೇಕಾಗಿದ್ದ ಜಾಗದಲ್ಲಿ, ಹೇಳಬೇಕಾಗಿದ್ದ ಹೊತ್ತಿನಲ್ಲಿ ಹೇಳಲಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಕಚೇರಿಗಳ ಮುಂದೆಯೂ ಒಂದಲ್ಲ ಒಂದು ಕಾಲದಲ್ಲಿ ಕುಳಿತು ಅರ್ಜಿ ಬರೆದವನು ನಾನು. ಈಗ ಹೇಳುತ್ತಿರುವ ಊರು ಇವುಗಳಲ್ಲಿ ಯಾವುದೆಂದು ಬರೆಯುವುದಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಆ ಮನೆಯಲ್ಲಿ ತಯಾರಾದ ತಾಳಿಗಳು ಇನ್ನೂ ಹೆಂಗಸರ ಕೊರಳಲ್ಲಿವೆ. ಊರೆಲ್ಲ ಕರೆಯುತ್ತಿದ್ದಂತೆ ಆಚಾರ್ರು ಎಂದೇ ಕರೆಯುತ್ತೇನೆ. ನನ್ನನ್ನು ಅವರು ರೈಟ್ರೇ ಎನ್ನುತ್ತಿದ್ದರು.

ಬಸ್ ನಿಲ್ದಾಣದಿಂದ ಕಚೇರಿಗೆ ಹೋಗುವ ಬೀದಿಯಲ್ಲಿ ಅವರದು ಬಾಡಿಗೆಯ ಎರಡು ಅಂಕಣದ ಮನೆ. ಮುಂದಿನ ಅಂಕಣದಲ್ಲಿ ಮಣೆ, ಅದರ ಮುಂದೆ ಕುಲುಮೆಯ ಮಡಕೆ, ಎಡಗಡೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಹಿಂದಿನ ಅಂಕಣಕ್ಕೆ ಹಳೆಯ ಸೀರೆಯ ಪರದೆ. ಆಚಾರ್ರು ಐವತ್ತು ದಾಟಿದ, ಬೆನ್ನು ನೆಟ್ಟಗಿದ್ದ ಮನುಷ್ಯ. ಮಾತನಾಡುವಾಗ ಮುಖವನ್ನು ಸ್ವಲ್ಪ ಓರೆ ಮಾಡಿ, ಕೇಳುವವರ ಕಿವಿಯ ಹತ್ತಿರ ಎಲ್ಲೋ ನೋಡುತ್ತಿದ್ದರು. ಅದು ಅವರ ವಿನಯವೆಂದು ನಾನು ತಿಳಿದಿದ್ದೆ. ನಾನು ಮೆಟ್ಟಿಲು ಹತ್ತುವ ಮೊದಲೇ, ತಲೆ ಎತ್ತದೆ, ಚಪ್ಪಲಿ ಬದಲಾಯಿಸಿದ್ದೀರಿ ಎನ್ನುತ್ತಿದ್ದರು. ಕಣ್ಣು ಎಷ್ಟು ಚುರುಕು ಎಂದು ನಾನು ಮನೆಯಲ್ಲಿ ಹೇಳಿದ್ದೂ ಉಂಟು.

ತೊಣ್ಣೂರಿನಿಂದ, ಕಿಕ್ಕೇರಿಯಿಂದ, ನಾಗಮಂಗಲದ ಆಚೆಯಿಂದಲೂ ಜನ ಅವರ ಹತ್ತಿರ ಬರುತ್ತಿದ್ದರು. ಬರುತ್ತಿದ್ದುದು ಕೆಲಸದ ನಯಕ್ಕಿಂತ ಹೆಚ್ಚಾಗಿ ನಂಬಿಕೆಗೆ. ತೂಕ ಹಾಕುವಾಗ ಆಚಾರ್ರು ತಕ್ಕಡಿಯ ಮುಳ್ಳನ್ನು ತಾವು ನೋಡುತ್ತಿರಲಿಲ್ಲ. ಗಿರಾಕಿಯನ್ನೇ ಹತ್ತಿರ ಕರೆದು ನೋಡಿಸುತ್ತಿದ್ದರು.

“ನೀವೇ ನೋಡಿ ಏಳ್ಬುಡಿ. ನಾ ಏಳುದ್ರೆ ಅದು ನನ್ ಮಾತಾಯ್ತದೆ, ನೀವ್ ಏಳುದ್ರೆ ತಕ್ಕಡಿ ಮಾತಾಯ್ತದೆ.”

ಒರೆಗಲ್ಲಿನ ಮೇಲೆ ಚಿನ್ನವನ್ನು ಉಜ್ಜಿದ ಮೇಲೂ ಹಾಗೆಯೇ. ಕಲ್ಲನ್ನು ಗಿರಾಕಿಯ ಕೈಗೆ ಕೊಟ್ಟು, ಬೆಳಕಿಗೆ ಹಿಡಿದು ನೋಡಿ, ಬಣ್ಣ ನಿಮಗೆ ಒಪ್ಪಿಗೆಯಾದರೆ ನನಗೂ ಒಪ್ಪಿಗೆ ಎನ್ನುತ್ತಿದ್ದರು. ಚಿನ್ನದ ವ್ಯವಹಾರದಲ್ಲಿ ಇಂಥ ಮಾತು ಅಪರೂಪ. ನಾಲ್ಕು ತಾಲ್ಲೂಕುಗಳಲ್ಲಿ ಇವರಂಥ ಪ್ರಾಮಾಣಿಕರಿಲ್ಲ ಎಂದು ಹೆಸರಾಯಿತು. ಆ ಹೆಸರನ್ನು ಹರಡಿದವರಲ್ಲಿ ನಾನೂ ಒಬ್ಬ. ಯಾರು ಏನು ಹೇಳಿದರೂ ಸುಲಭಕ್ಕೆ ಒಪ್ಪದ ಹಠಮಾರಿ ಎಂದು ನನಗೆ ಊರಿನಲ್ಲಿ ಖ್ಯಾತಿ. ಪಠ್ಯಪುಸ್ತಕದ ಚರಿತ್ರೆಯನ್ನೂ, ಪತ್ರಿಕೆಯ ಸುದ್ದಿಯನ್ನೂ ಬೇರೆ ಕಡೆ ಹುಡುಕಿ ತಾಳೆ ನೋಡಿದ ಮೇಲೆಯೇ ನಂಬುವವನು. ಅಂಥ ನನಗೆ, ಒಬ್ಬ ಮನುಷ್ಯ ತಕ್ಕಡಿಯನ್ನು ತಾನು ನೋಡದೆ ಬೇರೆಯವರಿಂದ ನೋಡಿಸಿದರೆ ಅದಕ್ಕೆ ಎರಡು ಕಾರಣಗಳಿರಬಹುದೆಂದು ಹೊಳೆಯಲಿಲ್ಲ.

ಅವರ ಒಂದು ನಡವಳಿಕೆಯನ್ನು ಮಾತ್ರ ಊರು ಆಡಿಕೊಳ್ಳುತ್ತಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಹಾಕಿಬಿಡುತ್ತಿದ್ದರು. ಒಳಗಿನಿಂದ ಸಣ್ಣ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಎದುರಿಗೆ ಜನ ಕುಳಿತಿದ್ದರೆ ಕೈ ಓಡುವುದಿಲ್ಲ ಎನ್ನುವುದು ಅವರ ಸಮಜಾಯಿಷಿ. ಇನ್ನೊಂದು ದೂರು ನನ್ನ ಹೆಂಡತಿಯದು: ಆಚಾರ್ರ ಮನೆಯಾಕೆಗೆ ಗರ್ವ, ಹೋದವರಿಗೆ ಒಂದು ಲೋಟ ನೀರು ಕೊಡಲೂ ಪರದೆ ಸರಿಸಿ ಈಚೆಗೆ ಬರುವುದಿಲ್ಲ. ಆಕೆಯನ್ನು ನಾನು ನೋಡಿದ್ದೇ ಕಡಿಮೆ. ನೋಡಿದಾಗಲೆಲ್ಲ ಕೈಗಳು ಸೆರಗಿನೊಳಗಿರುತ್ತಿದ್ದವು. ಅವರಿಗೆ ಮಕ್ಕಳಿರಲಿಲ್ಲ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಣ ವರ್ಷಗಳ ಮಾತು. ಅಂಗವಿಕಲರ ಮಾಸಿಕ ವೇತನದ ಸುದ್ದಿ ಆಗ ಹಳ್ಳಿ ಹಳ್ಳಿಗೂ ಮುಟ್ಟಿತ್ತು. ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ಊರುಗೋಲುಗಳೂ, ಹೆಗಲ ಮೇಲೆ ಹೊತ್ತು ತಂದ ಮಕ್ಕಳೂ, ಕಿವಿ ಕೇಳದ ಮುದುಕರೂ ತುಂಬಿರುತ್ತಿದ್ದರು. ಅರ್ಜಿಯ ಜೊತೆಗೆ ಪಡಿತರ ಚೀಟಿ, ವಾಸದ ದೃಢೀಕರಣ, ಆದಾಯದ ದೃಢೀಕರಣ, ಜಿಲ್ಲಾ ಆಸ್ಪತ್ರೆಯವರು ಅಂಗವೈಕಲ್ಯ ನೂರಕ್ಕೆ ಎಷ್ಟೆಂದು ಬರೆದುಕೊಟ್ಟ ಪತ್ರ, ಇಷ್ಟೂ ಬೇಕು. ಒಂದು ಕಾಗದ ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಅರ್ಧಕ್ಕರ್ಧ ಸುಳ್ಳು ಅರ್ಜಿಗಳೆಂದು ಆಗ ಎಲ್ಲರ ಬಾಯಲ್ಲೂ ಬಂದಿತ್ತು. ಸುಳ್ಳಿನವರು ಇರಲಿಲ್ಲವೆಂದು ಹೇಳಲಾರೆ. ಕಚೇರಿಯೊಳಕ್ಕೆ ಹೋಗುವಾಗ ಬಲಗಾಲನ್ನೂ ಬರುವಾಗ ಎಡಗಾಲನ್ನೂ ಎಳೆದ ಒಬ್ಬನನ್ನು ನಾನೇ ಕಂಡಿದ್ದೇನೆ. ಆದರೆ ಅರ್ಧಕ್ಕರ್ಧ ಎಂದವರು ಯಾರೂ ಆ ಮರದ ಕೆಳಗೆ ಒಂದು ದಿನವೂ ಕುಳಿತವರಲ್ಲ. ಅಂಥ ಒಬ್ಬನ ಹೆಸರು ಹೇಳಿ ಎಷ್ಟು ಜನ ನಿಜವಾದ ಕುಂಟರನ್ನು ವಾಪಸು ಕಳಿಸಿದರು ಎಂಬುದನ್ನು ನಾನು ಕುಳಿತು ನೋಡಿದವನು. ಆ ಮಾತಿಗೆ ಹೆದರಿಯೇ ಅಧಿಕಾರಿಗಳು ಆಸ್ಪತ್ರೆಯ ಪತ್ರ ಸಾಲದೆಂದು, ನೆರೆಹೊರೆಯ ಐವರ ಹೇಳಿಕೆ ಪಡೆದು ಸ್ಥಳ ಮಹಜರು ಮಾಡುವ ಕ್ರಮವನ್ನು ಬಿಗಿಗೊಳಿಸಿದರು.

ಒಂದು ದಿನ ಆಚಾರ್ರು ಆ ಮರದ ಕೆಳಗೆ ಬಂದು, ಎಲ್ಲರೂ ಹೋಗುವವರೆಗೆ ಸುಮ್ಮನೆ ನಿಂತಿದ್ದು, ಅಂಗವಿಕಲ ವೇತನಕ್ಕೆ ಒಂದು ಅರ್ಜಿ ಬೇಕೆಂದರು. ಯಾರಿಗೆ ಎಂದೆ.

“ನಂಗೇ ಕನ ರೈಟ್ರೇ. ಈಚೀಚೆಗೆ ಕಣ್ಣು ಕತ್ಲೆ ಆಗ್ಬುಟ್ಟದೆ. ಇಲ್ಲಿ ಬ್ಯಾಡ. ಕಿಕ್ಕೇರಿ ಕಡೆ ನಾನು ಉಟ್ಟಿದ್ದು, ಅಲ್ಲಿ ಆಕಾಕಾಯ್ತದಾ?”

ಪಡಿತರ ಚೀಟಿ ಎಲ್ಲಿದೆಯೋ ಅಲ್ಲಿಯೇ ಹಾಕಬೇಕೆಂದು ಹೇಳಿದೆ. ಅವರು ನಂಬಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿ, ಕಿಕ್ಕೇರಿಯ ತಾಲ್ಲೂಕು ಕಚೇರಿಯಿರುವ ಕೃಷ್ಣರಾಜಪೇಟೆಗೆ ಹೋದರು. ಊರು ಬಿಟ್ಟು ಮೂವತ್ತು ವರ್ಷವಾದವರು ನಮ್ಮವರಲ್ಲ ಎಂದು ಹೇಳಿ ಕಳಿಸಿದರಂತೆ. ಮಾರನೆಯ ದಿನ ಬಂದು ಇಲ್ಲಿಯೇ ಬರೆಯಿರಿ ಎಂದರು. ಕೆಲವು ತಿಂಗಳಿಂದ ಅವರ ಮನೆಯಲ್ಲಿ ಸುತ್ತಿಗೆಯ ಸದ್ದು ನಿಂತಿರುವುದು ನನ್ನ ಗಮನಕ್ಕೆ ಬಂದಿತ್ತು. ಮುಂದಿನ ಅಂಕಣದ ಗಾಜಿನ ಪೆಟ್ಟಿಗೆಯೂ ಕಾಣುತ್ತಿರಲಿಲ್ಲ. ಎರಡು ತಿಂಗಳ ಬಾಡಿಗೆ ನಿಂತಿದೆ, ಒಂದು ಹೊತ್ತು ಮಾತ್ರ ಒಲೆ ಹಚ್ಚುತ್ತಿದ್ದೇವೆ ಎಂಬುದನ್ನು ಅವರು ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದರು.

ಜಿಲ್ಲಾ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬಸ್ ನಿಲ್ದಾಣದವರೆಗೆ ಕೈ ಹಿಡಿಯಲು ಬಿಡಲಿಲ್ಲ. ಆ ಬೀದಿಯ ಕಲ್ಲು ಗುಂಡಿಗಳೆಲ್ಲ ಅವರ ಕಾಲಿಗೆ ಗೊತ್ತಿತ್ತು. ಜಿಲ್ಲಾ ಕೇಂದ್ರದಲ್ಲಿ ಇಳಿದ ಕೂಡಲೇ ಅವರು ಬೇರೆಯೇ ಮನುಷ್ಯರಾದರು. ನನ್ನ ಚೀಲದ ಪಟ್ಟಿಯನ್ನು ಹಿಡಿದವರು ಬಿಡಲೇ ಇಲ್ಲ. ರಸ್ತೆ ದಾಟುವಾಗ ಮಗುವಿನಂತೆ ನನ್ನ ಬೆನ್ನಿಗೆ ಒತ್ತಿಕೊಂಡರು.

ಕಣ್ಣಿನ ವೈದ್ಯೆ ಚಿಕ್ಕ ವಯಸ್ಸಿನವರು. ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಮೊನ್ನೆ ಮೊನ್ನೆಯಿಂದ ಎಂದರು ಆಚಾರ್ರು. ಆಕೆ ದೀಪ ಆರಿಸಿ ಕುರ್ಚಿಯಲ್ಲಿ ಕುಳಿತರು. ಕಣ್ಣಿನ ನರ ಪೂರ್ತಿ ಒಣಗಿದೆ, ಇದು ನಿನ್ನೆ ಮೊನ್ನೆಯದಲ್ಲ, ಸುಳ್ಳು ಹೇಳಿದರೆ ನಾನು ಬರೆದುಕೊಡುವುದಿಲ್ಲ ಎಂದರು. ಆಚಾರ್ರು ನನ್ನ ಕಡೆಗೆ ಬೆನ್ನು ಮಾಡಿ, ಎಂಟು ವರ್ಷ ಎಂದರು.

ನೂರಕ್ಕೆ ನೂರು ಎಂದು ಬರೆದ ಪತ್ರ ಸಿಕ್ಕಿತು. ಅದನ್ನು ಹಿಡಿದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆವು. ನನ್ನಲ್ಲಿ ಆಗ ಹುಟ್ಟಿದ್ದು ಕನಿಕರವಾಗಿರಲಿಲ್ಲ, ಸಿಟ್ಟು. ನನ್ನ ಮಗಳ ತಾಳಿಯನ್ನು ಐದು ವರ್ಷದ ಹಿಂದೆ ಈ ಮನುಷ್ಯರಿಂದಲೇ ಮಾಡಿಸಿದ್ದೆ. ಒಳ್ಳೆಯ ದಿನ ನೋಡಿ, ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ವೀಳ್ಯದ ಮೇಲೆ ಚಿನ್ನವನ್ನಿಟ್ಟು, ಮನೆಯವರೆಲ್ಲ ಹೋಗಿ ಅವರ ಕೈಗೆ ಕೊಟ್ಟು ಬಂದಿದ್ದೆವು. ಚಿನ್ನ ಕೊಡುವ ಶಾಸ್ತ್ರವೆಂದು ನಮ್ಮ ಕಡೆ ಅದಕ್ಕೆ ಮದುವೆಯಷ್ಟೇ ಮಡಿ. ಅಕ್ಕಸಾಲಿ ಸ್ನಾನ ಮಾಡಿ, ಕುಲುಮೆಗೆ ಪೂಜೆ ಮಾಡಿ, ಮೊದಲ ಪೆಟ್ಟನ್ನು ನಮ್ಮ ಎದುರಿಗೇ ಹೊಡೆಯಬೇಕು. ಆಚಾರ್ರು ಹೊಡೆದಿದ್ದರು. ಆಮೇಲಿನದನ್ನು ಯಾರು ಮಾಡಿದ್ದು ಎಂದು ಕೇಳಿದೆ.

“ಮಾಡ್ದೋಳು ನನ್ ಎಂಡ್ತಿ ಕನ ರೈಟ್ರೇ. ಮೊದಲ್ನೇ ಪೆಟ್ಟು ನಂದು, ಮಿಕ್ಕಿದ್ದೆಲ್ಲ ಅವ್ಳದು. ನಾ ಬರೇ ತಕ್ಕಡಿ ಮುಂದೆ ಕೂತಿದ್ದೆ.”

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ಆಕೆ ನಾಗಮಂಗಲದ ಕಡೆಯ ಅಕ್ಕಸಾಲಿಯ ಮಗಳು. ಗಂಡುಮಕ್ಕಳಿಲ್ಲದ ತಂದೆ ಬಾಗಿಲು ಹಾಕಿಕೊಂಡು ಮಗಳಿಗೆ ತಂತಿ ಎಳೆಯುವುದನ್ನೂ, ಊದುಗೊಳವೆ ಹಿಡಿದು ಬೆಸುಗೆ ಹಾಕುವುದನ್ನೂ ಕಲಿಸಿದ್ದ. ಗಂಡನ ಕಣ್ಣಿಗೆ ಮೊದಲು ಅಂಚುಗಳು ಕತ್ತಲಾಗಿ, ನಡುವೆ ಒಂದು ಕಾಸಿನಗಲ ಬೆಳಕು ಉಳಿದು, ಆಮೇಲೆ ಅದೂ ಮುಚ್ಚಿಕೊಂಡಾಗ, ಆಕೆ ಏನನ್ನೂ ಕೇಳದೆ ಸುತ್ತಿಗೆಯನ್ನು ಎತ್ತಿಕೊಂಡು ಪರದೆಯ ಹಿಂದಕ್ಕೆ ಹೋದಳಂತೆ. ಕಣ್ಣು ಹೋದ ಅಕ್ಕಸಾಲಿಗೆ ಯಾರು ಚಿನ್ನ ಕೊಡುತ್ತಾರೆ? ಹೆಂಗಸು ಮಾಡಿದ ತಾಳಿಯನ್ನು ಯಾರು ಕಟ್ಟಿಸಿಕೊಳ್ಳುತ್ತಾರೆ? ಮಧ್ಯಾಹ್ನದ ಮುಚ್ಚಿದ ಬಾಗಿಲು ಅದಕ್ಕಾಗಿ. ಈಗ ಆಕೆಯ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು, ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡು, ಚಿಮಟವನ್ನು ಹಿಡಿಯಲಾಗುತ್ತಿಲ್ಲ. ಅಲ್ಲಿಗೆ ಕೆಲಸ ನಿಂತಿತು.

ಇದನ್ನು ಅರ್ಜಿಯಲ್ಲಿಯೇ ಬರೆದುಬಿಡೋಣ ಎಂದೆ. ಅವರು ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

“ನಲವತ್ತು ಮನೆ ತಾಳಿ ಕನ. ಮುಟ್ಟಾದ್ ದಿನ್ವೂ ಅವ್ಳು ಬೆಂಕಿ ಮುಂದೆ ಕೂತವ್ಳೆ. ಗೊತ್ತಾದ್ರೆ ಬುಟ್ಟಾರಾ? ನಾಳೆ ಯಾವ್ದೋ ಮನೇಲಿ ಗಂಡ ಸತ್ರೆ, ಇವ್ಳ ಕೈಯಿಂದ್ಲೇ ಸತ್ತ ಅಂತಾರೆ. ನಾ ಉಪಾಸ ಬಿದ್ರೂ ಸರಿ, ಅವ್ಳ ಎಸ್ರು ಬರಕೂಡ್ದು. ಮಾತು ಕೊಡಿ.”

ಕೊಟ್ಟೆ. ನನ್ನ ಮಗಳ ಕೊರಳಿನ ವಿಚಾರವೂ ಆಗ ನನ್ನ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಎರಡು ವಾರಗಳ ಮೇಲೆ ರೆವಿನ್ಯೂ ಇನ್ಸ್‌ಪೆಕ್ಟರು ಮಹಜರಿಗೆ ಬಂದರು. ಕೆಟ್ಟವರಲ್ಲ, ಬಿಸಿಲಿನಲ್ಲಿ ಸೈಕಲ್ಲು ತಳ್ಳಿಕೊಂಡು ಬಂದವರು ಎದುರುಮನೆಯ ಜಗಲಿಯಲ್ಲಿ ಕುಳಿತು, ಬೀದಿಯ ಐವರು ಹಿರಿಯರನ್ನು ಕರೆಸಿದರು. ಅವರಲ್ಲಿ ಮುಖ್ಯರು ಡೈರಿಗೆ ಹಾಲು ಹಾಕುತ್ತಿದ್ದ ಗೌಡರು. ದೊಡ್ಡ ಗಂಟಲು, ದೊಡ್ಡ ಮನಸ್ಸು, ಆಚಾರ್ರೆಂದರೆ ಪ್ರಾಣ. ಎದುರಿನ ಮನೆಯಲ್ಲಿ ಆಚಾರ್ರು ಮಣೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಇವರಿಗೆ ದೃಷ್ಟಿಯಿಲ್ಲವಂತೆ, ಹೌದೇ ಎಂದು ಇನ್ಸ್‌ಪೆಕ್ಟರು ಕೇಳಿದಾಗ ಗೌಡರು ಎದ್ದು ನಿಂತರು.

“ಯಾವ್ ನನ್ಮಗ ಸ್ವಾಮಿ ಅಂಗೆ ಬರ್ದವ್ನು? ಓದ್ ವರ್ಸ ನನ್ ಸೊಸೆ ತಾಳಿ ಮಾಡ್ಕೊಟ್ಟವ್ರೆ. ಕೂದ್ಲೆಳೆ ಅಂತ ಕೆಲ್ಸ. ಕುರುಡ್ರು ಮಾಡ್ತಾರಾ?”

ಅರ್ಜಿ ಅವರದೇ ಎಂದು ಇನ್ಸ್‌ಪೆಕ್ಟರು ಹೇಳಿದರು. ಗೌಡರು ಒಪ್ಪಲಿಲ್ಲ. ಆಚಾರ್ರ ಗಿರಾಕಿಗಳನ್ನು ಒಡೆಯಲು ಪೇಟೆಬೀದಿಯ ಯಾರೋ ಹೊಟ್ಟೆಕಿಚ್ಚಿನವರು ಅವರ ಹೆಸರಿನಲ್ಲಿ ಬರೆಸಿ ಹಾಕಿದ್ದಾರೆ ಎಂದು ವಾದಿಸಿದರು. ಮಿಕ್ಕ ನಾಲ್ವರೂ ಹೌದು ಹೌದು ಎಂದರು. ಒಬ್ಬರು ತಮ್ಮ ಚಪ್ಪಲಿ ಬದಲಾಗಿದ್ದನ್ನು ಆಚಾರ್ರು ಗುರುತಿಸಿದ್ದನ್ನು ಹೇಳಿದರು. ಇನ್ನೊಬ್ಬರು ತಕ್ಕಡಿಯ ವಿಷಯ ತೆಗೆದು, ಇಂಥ ದೇವರಂಥವರ ಮೇಲೆ ಇಂಥ ಅಪವಾದವೇ ಎಂದು ಕಣ್ಣು ಒರೆಸಿಕೊಂಡರು. ಐವರೂ ಸಹಿ ಹಾಕಿದರು. ಅವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ನಾನು ಆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ.

ಇನ್ಸ್‌ಪೆಕ್ಟರು ಹೋದ ಮೇಲೆ ಗೌಡರು ನೇರವಾಗಿ ಆಚಾರ್ರ ಮೆಟ್ಟಿಲು ಹತ್ತಿದರು.

“ನಿಮ್ ಮಾನ ಉಳ್ಸಿದೀನಿ ಕನಾಚಾರ್ರೇ. ಇನ್ ಯಾವನಾರ ಕಣ್ಣಿಲ್ಲ ಅಂದ್ರೆ ನನ್ ಕೇಳ್ಲಿ.”

ಆಚಾರ್ರು ಕೈಮುಗಿದರು. ಪರದೆಯ ಹಿಂದೆ ಏನೋ ಪಾತ್ರೆ ಬಿದ್ದ ಸದ್ದಾಯಿತು.

ಅರ್ಜಿ ತಿರಸ್ಕೃತವಾಗುವ ಮೊದಲು ತಹಸೀಲ್ದಾರರು ಒಂದು ಅವಕಾಶ ಕೊಟ್ಟರು. ಆಸ್ಪತ್ರೆಯ ಪತ್ರವೂ ಮಹಜರೂ ಒಂದಕ್ಕೊಂದು ಎದುರಾಗಿರುವುದರಿಂದ ಅರ್ಜಿದಾರನೂ, ಮಹಜರಿಗೆ ಸಹಿ ಹಾಕಿದ ಪಂಚರಲ್ಲಿ ಒಬ್ಬರೂ, ಅರ್ಜಿ ಬರೆದ ನಾನೂ ಹಾಜರಾಗಬೇಕೆಂದು ಹೇಳಿಕಳಿಸಿದರು. ಪಂಚರ ಪರವಾಗಿ ಗೌಡರು ಬಂದಿದ್ದರು. ಆಚಾರ್ರ ಹೆಂಡತಿಯನ್ನು ಯಾರೂ ಕರೆದಿರಲಿಲ್ಲ. ದಾರಿ ತೋರಿಸಲು ಬಂದವಳು ಕೋಣೆಯ ಬಾಗಿಲ ಹತ್ತಿರ ನಿಂತಿದ್ದಳು. ಬರುವ ದಾರಿಯಲ್ಲಿ ಆಚಾರ್ರು ನನಗೆ ಹೇಳಿದ್ದು ಒಂದೇ ಮಾತು, ಮನೆಯ ಮಾಲೀಕ ತಿಂಗಳ ಕೊನೆಗೆ ಬೀಗ ಹಾಕುತ್ತಾನಂತೆ.

ತಹಸೀಲ್ದಾರರು ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಿಮಗೆ ಎಂಟು ವರ್ಷದಿಂದ ಕಣ್ಣಿಲ್ಲವೆಂದು ವೈದ್ಯರು ಬರೆದಿದ್ದಾರೆ. ಆ ಎಂಟು ವರ್ಷವೂ ನೀವು ಒಡವೆ ಮಾಡಿದ್ದೀರೆಂದು ನಿಮ್ಮ ಬೀದಿಯವರು ಹೇಳುತ್ತಾರೆ. ವೈದ್ಯರ ಮಾತು ನಿಜವಾದರೆ ಆ ಒಡವೆಗಳನ್ನು ಮಾಡಿದವರು ಯಾರು?

ಆಚಾರ್ರು ತುಟಿ ಬಿಗಿದು ನಿಂತರು. ತಹಸೀಲ್ದಾರರು ಎರಡನೆಯ ಸಲ ಕೇಳಿ, ಪೆನ್ನು ಕೈಗೆ ತೆಗೆದುಕೊಂಡರು.

“ನಾನ್ ಮಾಡ್ದೆ ಬುದ್ಧಿ,” ಎಂದಳು ಬಾಗಿಲಲ್ಲಿದ್ದ ಹೆಂಡತಿ. “ತಾಳಿ, ಓಲೆ, ಎಲ್ಲಾನೂ ನಾನೇಯ. ಅವ್ರಿಗೆ ಕಣ್ಣಿಲ್ಲ.”

ನಾನು ಆಕೆಯ ಧ್ವನಿಯನ್ನು ಸರಿಯಾಗಿ ಕೇಳಿದ್ದು ಅದೇ ಮೊದಲು. ಆಚಾರ್ರು ಅತ್ತ ತಿರುಗಿ ಹೆಂಡತಿಯ ಹೆಸರು ಹಿಡಿದು ಕೂಗಿದರು, ಬಾಯಿ ಮುಚ್ಚು ಎಂದರು. ಗೌಡರು ನಕ್ಕರು, ಆ ನಗೆಯಲ್ಲಿ ಕುಹಕವಿರಲಿಲ್ಲ.

“ಅಕ್ಕಾ, ಗಂಡನ್ಗೋಸ್ಕರ ಸುಳ್ ಏಳ್ತಾ ಇದೀರ. ಒಳ್ಳೇ ಎಂಗ್ಸು ಏಳೋ ಸುಳ್ಳೇಯ ಬುಡಿ. ಆದ್ರೆ ಸಾಯೇಬ್ರು ನಂಬ್ಬೇಕಲ್ಲ.”

ತಹಸೀಲ್ದಾರರು ಆಕೆಯನ್ನು ಮೇಜಿನ ಹತ್ತಿರ ಕರೆದು ಕೈ ತೋರಿಸಲು ಹೇಳಿದರು. ಆಕೆ ಸೆರಗಿನಿಂದ ಕೈಗಳನ್ನು ಹೊರಗೆ ತೆಗೆದಳು. ಶುಂಠಿಯ ಗೆಡ್ಡೆಯಂತೆ ಊದಿದ ಗೆಣ್ಣುಗಳು, ಅಂಗೈಯೊಳಕ್ಕೆ ಹೊಕ್ಕ ಬೆರಳುಗಳು. ಈ ಕೈಯಲ್ಲೇ ಎಂದು ಅವರು ಕೇಳಿದರು. ಹೂಂ ಎಂದಳು. ಮೇಜಿನ ಮೇಲೆ ಕಾಗದ ಚುಚ್ಚುವ ಒಂದು ಸಣ್ಣ ಗುಂಡುಸೂಜಿಯಿತ್ತು. ಯಾರೂ ಹೇಳದಿದ್ದರೂ ಆಕೆ ಅದನ್ನು ಎತ್ತಲು ಹೋದಳು. ಮೂರು ಸಲ ಪ್ರಯತ್ನಿಸಿದಳು. ಸೂಜಿ ಜಾರಿ ಜಾರಿ ಮೇಜಿನ ಅಂಚಿನಿಂದ ಕೆಳಗೆ ಬಿತ್ತು.

ಆಗ ತಹಸೀಲ್ದಾರರು ನನ್ನ ಕಡೆ ತಿರುಗಿದರು. ನಾನು ಹುಸಿ ಅರ್ಜಿ ಬರೆಯುವವನಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದೆರಡು ಬಾರಿ ಕಚೇರಿಯ ತಪ್ಪುಗಳನ್ನು ಹಿಡಿದು ವಾದಿಸಿದ್ದರಿಂದ ನನ್ನ ಮಾತಿಗೆ ಅಲ್ಲಿ ಸ್ವಲ್ಪ ಬೆಲೆಯಿತ್ತು. ನೀವು ಹಿರಿಯರು, ಈಕೆ ಕೆಲಸ ಮಾಡುತ್ತಿದ್ದುದನ್ನು ನೀವು ನೋಡಿದ್ದೀರಾ, ನೀವು ಹೇಳಿದರೆ ಬರೆದುಕೊಳ್ಳುತ್ತೇನೆ ಎಂದರು.

ಆಚಾರ್ರ ಮುಖ ನನ್ನ ಕಡೆಗಿತ್ತು. ಆಕೆಯ ಮುಖವೂ. ಕೊಟ್ಟ ಮಾತೊಂದಿತ್ತು, ಆದರೆ ಆಕೆಯೇ ಬಾಯಿ ಬಿಟ್ಟ ಮೇಲೆ ಆ ಮಾತಿಗೆ ಯಾವ ಅರ್ಥ ಉಳಿದಿತ್ತು? ನನ್ನನ್ನು ಕಟ್ಟಿದ್ದು ಬೇರೆಯದು. ಕೇಳಿದ್ದನ್ನು ಕಂಡೆ ಎಂದು ಹೇಳಬಾರದೆಂಬ ನಿಯಮವನ್ನು ನಾನು ಜೀವಮಾನವೆಲ್ಲ ಹೆಮ್ಮೆಯಿಂದ ಪಾಲಿಸಿದ್ದೆ. ಪರದೆಯ ಆಚೆಗೆ ನಾನು ಹೋದವನಲ್ಲ. ಆ ಕೈಗಳು ಸುತ್ತಿಗೆ ಹಿಡಿದದ್ದನ್ನು ನೋಡಿದವನಲ್ಲ. ನಂಬಿದ್ದೆ, ನಿಜ, ನಂಬಿಕೆ ಸಾಕ್ಷಿಯಲ್ಲ.

ನೋಡಿಲ್ಲ ಎಂದೆ.

ಇಂದಿಗೂ ಆ ಉತ್ತರದಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ. ತಹಸೀಲ್ದಾರರು ಬರೆದರು, ಕಡತ ಮುಚ್ಚಿತು.

ಕಚೇರಿಯ ಮೆಟ್ಟಿಲು ಇಳಿಯುವಾಗ ಆಚಾರ್ರು ಹೆಂಡತಿಯ ಭುಜದ ಮೇಲೆ ಕೈಯಿಟ್ಟಿದ್ದರು. ಗೌಡರು ಮುಂದೆ ಹೋಗಿದ್ದರು. ಆಚಾರ್ರು ಉಸಿರು ಬಿಟ್ಟು ಹೇಳಿದ್ದು ನನಗೆ ಕೇಳಿಸಿತು:

“ಸದ್ಯ, ಯಾರೂ ನಂಬ್ನಿಲ್ಲ.”

ಆಕೆ ಒಂದು ಮೆಟ್ಟಿಲಿನ ಮೇಲೆ ನಿಂತು, ಅವರ ಕೈಯನ್ನು ಭುಜದಿಂದ ಇಳಿಸಿ, ಕಬ್ಬಿಣದ ಕಂಬಿಯ ಮೇಲಿಟ್ಟು, ಹಿಂದೆ ನೋಡದೆ ಹುಣಸೆಮರದವರೆಗೆ ಒಬ್ಬಳೇ ನಡೆದುಹೋದಳು. ಆಚಾರ್ರು ಕಂಬಿ ಹಿಡಿದು, ಮುಂದಿನ ಮೆಟ್ಟಿಲು ಎಲ್ಲಿದೆಯೆಂದು ತಿಳಿಯದೆ ನಿಂತರು. ನಾನು ಹೋಗಿ ಹಿಡಿದುಕೊಳ್ಳಬೇಕಾಗಿತ್ತು. ಆಕೆಯೇ ವಾಪಸು ಬರುತ್ತಾಳೆಂದು ಕಾದೆ. ಸ್ವಲ್ಪ ಹೊತ್ತಿನ ಮೇಲೆ ಬಂದಳು.

ಮುಂದಿನದನ್ನು ಬೇಗ ಹೇಳುತ್ತೇನೆ. ಬಾಡಿಗೆಯ ಮನೆ ಹೋಯಿತು. ಗೌಡರು ತಮ್ಮ ಕೊಟ್ಟಿಗೆಯ ಪಕ್ಕದ ಹುಲ್ಲುಮನೆಯನ್ನು ಬಿಡಿಸಿ ಕೊಟ್ಟರು, ದಿನಕ್ಕೊಂದು ಚೊಂಬು ಹಾಲೂ ಕೊಟ್ಟರು. ಹೊಸ ಜಾಗದಲ್ಲಿ ಆಚಾರ್ರ ಕಾಲಿಗೆ ಯಾವ ಕಲ್ಲೂ ಗೊತ್ತಿರಲಿಲ್ಲ. ಮೊದಲ ವಾರವೇ ದನ ಕಟ್ಟುವ ಗೊಂತಿಗೆ ಎಡವಿ ಬಿದ್ದರು. ಆಗ ಗೌಡರಿಗೆ ತಿಳಿಯಿತು, ಕಣ್ಣು ನಿಜಕ್ಕೂ ಇಲ್ಲವೆಂದು. ಎರಡು ದಿನ ಊಟ ಬಿಟ್ಟರಂತೆ. ಕಚೇರಿಗೆ ಓಡಿಹೋಗಿ ಮಹಜರಿನಲ್ಲಿದ್ದ ತಮ್ಮ ಸಹಿಯನ್ನು ಹೊಡೆದುಹಾಕಿ ಎಂದು ಕೇಳಿದರು. ಮುಚ್ಚಿದ ಕಡತವನ್ನು ತೆಗೆಯಬೇಕಾದರೆ ಮೇಲ್ಮನವಿ ಹಾಕಬೇಕು, ಅದರ ಅವಧಿಯೂ ಮುಗಿದಿದೆ ಎಂದರು ಕಚೇರಿಯವರು. ಹೊಸ ಅರ್ಜಿ ಬರೆದೆ. ಅದನ್ನು ಹಳೆಯ ಮಹಜರಿನ ಜೊತೆಗೆ ಕಟ್ಟಿ ಮೂಲೆಗಿಟ್ಟರು. ನಾನು ವಾರಕ್ಕೊಮ್ಮೆ ಹೋಗಿ ವಿಚಾರಿಸುತ್ತಿದ್ದೆ. ಹೋಗಿ ಬಂದು ಆಚಾರ್ರಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಅವರು ಕೇಳುವುದನ್ನು ನಿಲ್ಲಿಸಿದರು. ಕೊಟ್ಟಿಗೆಯ ಗೋಡೆಗೆ ಒರಗಿ, ಎರಡು ಬೆರಳುಗಳ ನಡುವೆ ಇಲ್ಲದ ತಂತಿಯನ್ನು ಎಳೆಯುತ್ತ ಕುಳಿತಿರುತ್ತಿದ್ದರು. ಹೆಂಡತಿಯ ಬೆರಳುಗಳಿಗೆ ಹರಳೆಣ್ಣೆ ಹಚ್ಚಿ, ಒಂದೊಂದನ್ನೇ ಬಿಡಿಸಲು ನೋಡುತ್ತಿದ್ದರು. ಆಕೆ ನೋವಿಗೆ ಕೈ ಎಳೆದುಕೊಂಡರೆ, ಇನ್ನೊಂಚೂರು, ಇನ್ನೊಂಚೂರು ಎನ್ನುತ್ತಿದ್ದರು. ಆ ಬೆರಳುಗಳು ಮತ್ತೆ ನೆಟ್ಟಗಾದರೆ ಹಳೆಯ ದಿನಗಳು ಬರುತ್ತವೆ ಎಂದು ಅವರು ನಂಬಿದ್ದರೋ ಏನೋ. ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಹೊಸ ಅರ್ಜಿ ಆಗಲೂ ಕಚೇರಿಯಲ್ಲಿಯೇ ಇತ್ತು.

ಹನ್ನೊಂದನೆಯ ದಿನ ಗೌಡರ ಅಂಗಳದಲ್ಲಿ ಎಲೆ ಹಾಕಿದ್ದರು. ನಾಲ್ಕು ತಾಲ್ಲೂಕುಗಳಿಂದಲೂ ಹಳೆಯ ಗಿರಾಕಿಗಳು ಬಂದಿದ್ದರು. ಅಲ್ಲಿ ಗೌಡರು ಎದ್ದು ನಿಂತು ಅಳುತ್ತ ಹೇಳಿದರು: ನಾನು ಪಾಪಿ, ನಿಜ ತಿಳಿಯದೆ ಸಹಿ ಹಾಕಿದೆ, ಆ ಮನುಷ್ಯನಿಗೆ ಕಣ್ಣಿರಲಿಲ್ಲ, ಆದರೂ ನನ್ನ ಸೊಸೆಯ ತಾಳಿ ಮಾಡಿದರು, ಮಾಡಿದ್ದು ಅವರ ಕೈಯಲ್ಲಿ ಕುಳಿತ ಅಮ್ಮನವರೇ ಹೊರತು ಬೇರೆ ಯಾರು? ಕುಳಿತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡರು. ಅವರಲ್ಲಿ ನನ್ನ ಮಗಳೂ ಇದ್ದಳು. ಆಚಾರ್ರ ಹೆಂಡತಿ ಗೋಡೆಯ ಬದಿಯಲ್ಲಿ ಕುಳಿತು ಅದನ್ನು ನೋಡುತ್ತಿದ್ದಳು. ಕಟ್ಟೆಯ ಮೇಲಿಡಲು ಊರವರು ಒರೆಗಲ್ಲನ್ನು ಕೇಳಿ ಪಡೆದದ್ದು ಆ ದಿನವೇ. ಆಕೆ ಕೊಟ್ಟಳು.

ಮೂರು ತಿಂಗಳಾದ ಮೇಲೆ ಆಕೆ ಹುಣಸೆಮರದ ಕೆಳಗೆ ಬಂದಳು. ಬೆಳಗಿನ ಹೊತ್ತು, ಇನ್ನೂ ಯಾರೂ ಬಂದಿರಲಿಲ್ಲ. ಗೌಡರ ಮನೆಯಲ್ಲಿ ಸೊಸೆಗೂ ತನಗೂ ಹೊಂದುತ್ತಿಲ್ಲ, ಬೇರೆ ಇರಬೇಕು, ಈ ಕೈಗಳ ಸಲುವಾಗಿ ಅಂಗವಿಕಲ ವೇತನ ಬರುವ ಹಾಗೆ ಅರ್ಜಿ ಬರೆಯಿರಿ ಎಂದಳು. ಅಲ್ಲಿಂದ ಹೊರಟರೆ ಆಕೆಗೆ ಬೇರೆ ಆಸರೆ ಇರಲಿಲ್ಲ. ಆಸ್ಪತ್ರೆಯ ಪತ್ರವನ್ನು ಆಕೆಯೇ ಹೋಗಿ ತಂದಿದ್ದಳು. ನಾನು ಮುದ್ರಿತ ನಮೂನೆಯನ್ನು ತೆಗೆದು ತುಂಬುತ್ತ ಹೋದೆ. ಹೆಸರು, ಗಂಡನ ಹೆಸರು, ವಯಸ್ಸು. ಮುಂದಿನ ಸಾಲು ಉದ್ಯೋಗ. ಇದುವರೆಗೆ ನೂರಾರು ಹೆಂಗಸರಿಗೆ ಕೇಳದೆಯೇ ಬರೆದ ಪದವನ್ನು ಬರೆಯಲು ಹೋಗಿ ನಿಲ್ಲಿಸಿ, ಇಲ್ಲಿ ನೀವು ಮಾಡುತ್ತಿದ್ದ ಕೆಲಸವನ್ನು ಕೇಳುತ್ತಾರೆ ಎಂದೆ.

“ಅಕ್ಕಸಾಲಿ ಅಂತ ಬರೀರಿ,” ಎಂದಳು.

ಅದನ್ನು ಬರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಕಚೇರಿಯವರು ಹಳೆಯ ಕಡತವನ್ನು ತೆಗೆಸುತ್ತಾರೆ. ಗಂಡ ಮಾಡುತ್ತಿದ್ದ ಕೆಲಸವನ್ನು ಈಕೆ ತನ್ನದೆನ್ನುತ್ತಾಳಲ್ಲ ಎಂದು ಮತ್ತೆ ಮಹಜರು ನಡೆಯುತ್ತದೆ. ಮತ್ತೆ ಐವರು ಬರುತ್ತಾರೆ. ಈ ಸಲ ಅವರು ಅಮ್ಮನವರ ಹೆಸರು ಹೇಳಿ ಸಹಿ ಹಾಕುತ್ತಾರೆ. ಅಲ್ಲಿಗೆ ವೇತನ ಹೋಗುತ್ತದೆ. ಇದನ್ನೆಲ್ಲ ಆಕೆಗೆ ಬಿಡಿಸಿ ಹೇಳಿದೆ. ಮನೆಗೆಲಸ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ ಎಂದೂ ಹೇಳಿದೆ.

“ಕೊಡ್ದಿದ್ರೆ ಓಗ್ಲಿ. ಒಂದು ಕಾಗ್ದುದಲ್ಲಾದ್ರೂ ಇರ್ಲಿ,” ಎಂದು ಹೇಳಿ ಆಕೆ ನೆಲ ನೋಡಿದಳು.

ಆಕೆಗೆ ಓದು ಬಾರದು. ನಾನು ತಲೆ ತಗ್ಗಿಸಿ, ದುಂಡಗೆ, ಸ್ಪಷ್ಟವಾಗಿ, ಮನೆಗೆಲಸ ಎಂದು ಬರೆದೆ. ಉಳಿದ ಸಾಲುಗಳನ್ನು ತುಂಬಿದೆ. ಹೆಬ್ಬೆರಳು ಅಂಗೈಯೊಳಗೆ ಸಿಕ್ಕಿಕೊಂಡಿದ್ದರಿಂದ ನಾನೇ ಮೆಲ್ಲಗೆ ಬಿಡಿಸಿ, ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿಸಿದೆ. ಗುರುತಿನಲ್ಲಿ ಗೆರೆಗಳೇ ಇರಲಿಲ್ಲ. ಬೆಂಕಿ, ಅರ, ಆಮ್ಲ ಎಲ್ಲವೂ ಸೇರಿ ಅವುಗಳನ್ನು ಎಂದೋ ಅಳಿಸಿದ್ದವು. ಬರೀ ಒಂದು ಕಪ್ಪು ಮಚ್ಚೆ ಬಿತ್ತು. ಆ ಅರ್ಜಿ ಎರಡು ತಿಂಗಳಲ್ಲಿ ಮಂಜೂರಾಯಿತು. ಯಾರೂ ವಿಚಾರಣೆಗೆ ಬರಲಿಲ್ಲ.

ಆ ಬೆಳಿಗ್ಗೆ ಎದ್ದು ಹೊರಡುವ ಮೊದಲು ಆಕೆ ಸೆರಗಿನಲ್ಲಿ ಮಸಿ ಒರೆಸಿಕೊಳ್ಳುತ್ತ, ಆ ಸಾಲನ್ನು ಓದಿ ಹೇಳಿ ಎಂದಳು.

ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಉದ್ಯೋಗ, ಅಕ್ಕಸಾಲಿ, ಎಂದು ಓದಿದೆ.

“ಇನ್ನೊಂದ್ ಕಿತ ಓದಿ,” ಎಂದಳು.

ಓದಿದೆ.